ಸುಸ್ತಿನ ಗಂಡಸರು, ನನ್ನ ಹೊಟ್ಟೆಕಿಚ್ಚು

ಸುಸ್ತು ಅಂತ ಬರುವ ಗಂಡಸರ ತೋಳಿಗೆ ರಬ್ಬರ್ ಪಟ್ಟಿ ಬಿಗಿದು ರಕ್ತ ತೆಗೆಯುವುದು ನನ್ನ ಕಸುಬು. ಹಾಗಾಗಿ ನಗೋದಕ್ಕೆ ನಾನು ಎಲ್ಲಿಗೂ ಹುಡುಕಿಕೊಂಡು ಹೋಗಬೇಕಾಗಿಲ್ಲ. ಬೆಳಿಗ್ಗೆ ಏಳೂವರೆಗೆ ಬಾಗಿಲು ತೆಗೆದರೆ ಒಂದಲ್ಲ ಒಂದು ತಮಾಷೆ ತಾನಾಗೇ ಒಳಗೆ ಬಂದು ಕುರ್ಚಿ ಎಳೆದುಕೊಂಡು ಕೂರುತ್ತೆ.

ಮಂಡ್ಯದ ಒಂದು ಅಡ್ಡರಸ್ತೆಯಲ್ಲಿ ಸಣ್ಣ ಲ್ಯಾಬು. ಇಪ್ಪತ್ತೊಂದು ವರ್ಷದಿಂದ ಅಲ್ಲಿ ಟೆಕ್ನೀಷಿಯನ್ನು ನಾನು. ಮನೆ ಮದ್ದೂರು. ಲ್ಯಾಬು ನಡೆಸೋರು ಒಬ್ಬ ಡಾಕ್ಟರಮ್ಮ, ಪಕ್ಕದ ರೂಮಿನಲ್ಲೇ ಕೂತು ರೋಗಿಗಳನ್ನೂ ನೋಡ್ತಾರೆ. ಮೊದಲೆಲ್ಲ ಗಂಡಸರು ಶುಗರ್ರು, ಬಿಪಿ ಅಂತ ಬರುತ್ತಿದ್ದರು. ಈಗೀಗ ಮೊಬೈಲಿನಲ್ಲಿ ಏನೇನೋ ನೋಡಿಕೊಂಡು ಹಾರ್ಮೋನು ಅಂತ ಬರ್ತಾರೆ. ಅದಕ್ಕೆ ಟೆಸ್ಟೋಸ್ಟೆರಾನ್ ಅಂತ ಹೆಸರು. ನಮ್ಮ ಕಡೆ ನಾಲಿಗೆ ಹೊರಳುವ ಹೆಸರಲ್ಲ ಅದು, ಆದ್ದರಿಂದ ಒಬ್ಬೊಬ್ಬರು ಒಂದೊಂದು ಹೆಸರಿಟ್ಟುಕೊಂಡಿದ್ದಾರೆ.

ಬೇರೆಯವರ ಕತೆ ಹೇಳ್ತೀನಿ ಅಂತ ಹೊರಟರೂ ಇದರಲ್ಲಿ ಅರ್ಧ ನನ್ನದೇ. ನಲವತ್ತಾರು ದಾಟಿದ ಮೇಲೆ ನನಗೂ ಸುಸ್ತು ಶುರುವಾಯಿತು. ಅದರ ಹಿಂದೆಯೇ ಹೊಟ್ಟೆಕಿಚ್ಚೂ ಬಂತು. ಸುಸ್ತಾದವನ ಕಣ್ಣಿಗೆ ಚುರುಕಾಗಿ ನಡೆಯೋ ಪ್ರತಿಯೊಬ್ಬನೂ ತನ್ನ ಪಾಲಿನ ಶಕ್ತಿ ಕದ್ದವನ ಹಾಗೆ ಕಾಣಿಸ್ತಾನೆ. ಈ ಮಾತು ಮುಚ್ಚಿಟ್ಟು ಹೇಳಿದರೆ ಮುಂದಿನದಕ್ಕೆ ಉಪ್ಪು ಖಾರ ಇರಲ್ಲ.

೧. ಯಾರ ಮನೆ ಅಳಿಯ

ಮದ್ದೂರಿನಿಂದ ಮಂಡ್ಯಕ್ಕೆ ನಾನು ಹೋಗುವುದು ಬೆಳಗಿನ ಪ್ಯಾಸೆಂಜರ್ ರೈಲಿನಲ್ಲಿ. ಪಕ್ಕದವರ ಹತ್ತಿರ ಊರಿನ ಎರಡು ಸುದ್ದಿ ಆಡುವಷ್ಟರಲ್ಲಿ ಮಂಡ್ಯ ಬಂದುಬಿಡುತ್ತೆ. ಅಷ್ಟು ಸಣ್ಣ ದಾರಿಯಲ್ಲೂ ನನಗೆ ನಿದ್ದೆ ಹತ್ತೋಕೆ ಶುರುವಾಯಿತು. ಕಿಟಕಿಗೆ ತಲೆ ಕೊಟ್ಟರೆ ಸಾಕು, ಕಣ್ಣು ಬಿಡುವುದು ಮಂಡ್ಯ ದಾಟಿ ಯಲಿಯೂರಿನಲ್ಲಿ.

ಮೊದಲನೇ ಸಲ ನನಗೇ ನಗು ಬಂತು. ಎರಡನೇ ಸಲ ಡಾಕ್ಟರಮ್ಮನಿಗೆ ಫೋನು ಮಾಡಿ ರೈಲು ತಡ ಅಂತ ಸುಳ್ಳು ಹೇಳಿದೆ. ಮೂರನೇ ಸಲವೂ ಅದನ್ನೇ ಹೇಳೋಕೆ ಹೋದರೆ ಅವರು, "ನಿಮ್ಮ ರೈಲಿನಲ್ಲೇ ಬಂದ ಮೂರು ಜನ ಆಗಲೇ ಇಲ್ಲಿ ತೋಳು ಮಡಿಚಿಕೊಂಡು ಕೂತಿದ್ದಾರೆ," ಅಂದರು.

ಯಲಿಯೂರು ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಒಬ್ಬ ಅಜ್ಜ ಕೂತಿರೋರು. ಎಂಬತ್ತರ ಹತ್ತಿರದ ವಯಸ್ಸು. ಬೆಳಿಗ್ಗೆ ಎದ್ದು ನಾಲೆ ಏರಿಯ ಮೇಲೆ ಅಷ್ಟು ದೂರ ನಡೆದು ಬಂದು, ಒಂದು ಬೀಡಿ ಸೇದಿ, ಮತ್ತೆ ನಡೆದೇ ಹೋಗೋರು. ಹೆಗಲ ಮೇಲಿನ ಟವಲ್ಲು ಹಾರಾಡುವ ಹಾಗೆ ನಡಿಗೆ. ಅವರ ಅರ್ಧ ವಯಸ್ಸು ಸ್ವಲ್ಪ ದಾಟಿದ ನಾನು ಕಂಬ ಹಿಡಿದುಕೊಂಡು ಅವರ ಬೆನ್ನನ್ನೇ ನೋಡುತ್ತಾ ನಿಂತಿರುತ್ತಿದ್ದೆ. ಬೀಡಿ ಸೇದಿಯೂ ಈ ಅಜ್ಜನಿಗೆ ಏದುಸಿರು ಬರೋದಿಲ್ಲವಲ್ಲ ಅಂತ ಸಂಕಟವಾಗುತ್ತಿತ್ತು.

ಹೀಗೇ ಒಂದು ತಿಂಗಳಾಗಿರಬೇಕು. ಒಂದು ದಿನ ಅಜ್ಜ ಬೆಂಚು ತಟ್ಟಿ ಕರೆದರು.

"ಬನ್ನಿ, ಕೂತ್ಕಳಿ. ಕೇಳ್ಬೇಕು ಕೇಳ್ಬೇಕು ಅನ್ಕತಿದ್ದೆ. ವಾರಕ್ಕೆ ಎಲ್ಡು ದಪ ಬತ್ತೀರಿ. ಯಾರ್ ಜೊತೇಲೂ ಮಾತಾಡಕಿಲ್ಲ. ಮಕ ಸಪ್ಪಗೆ ಮಾಡ್ಕಂಡು ಒಂಟೋಯ್ತೀರಿ. ನಮ್ಮೂರಲ್ಲಿ ಯಾರ ಮನೆ ಅಳೀಮಯ್ಯ ನೀವು?"

"ಯಾರ ಮನೆ ಅಳಿಯನೂ ಅಲ್ಲ ಅಜ್ಜ," ಅಂದೆ.

ಅಜ್ಜ ನನ್ನನ್ನು ಮೇಲಿಂದ ಕೆಳಗೆ ನೋಡಿ ಬೀಡಿ ಆರಿಸಿದರು. "ಯೋಳ್ಬ್ಯಾಡಿ ಬುಡಿ. ಅಳೀಮಯ್ಯನ್ನ ಒಂದ್ ಲೋಟ ಕಾಪಿನೂ ಕೊಡ್ದೆ ವಾರಕ್ಕೆಲ್ಡು ದಪ ಅಟ್ಟೋ ಮನೆ ಅಂದ್ರೆ, ಯಾವ್ದು ಅಂತ ನಂಗೊತ್ತಾಯ್ತು."

೨. ಹುಳದ ಜ್ವರ

ನನ್ನ ಹೆಂಡತಿಯ ತಂಗಿಯನ್ನು ಮಳವಳ್ಳಿ ಹತ್ತಿರದ ಬೆಳಕವಾಡಿಗೆ ಕೊಟ್ಟಿದೆ. ಅವಳ ಗಂಡ, ಅಂದರೆ ನನ್ನ ಷಡ್ಡಕ, ರೇಷ್ಮೆ ಬೆಳೆಗಾರ. ನನಗಿಂತ ಎರಡೇ ವರ್ಷಕ್ಕೆ ಚಿಕ್ಕವನು. ಕೋಳಿಗಿಂತ ಮುಂಚೆ ಏಳ್ತಾನೆ. ಹಿಪ್ಪುನೇರಳೆ ಸೊಪ್ಪು ಕೊಯ್ತಾನೆ, ಹೊರೆ ಕಟ್ಟಿ ತಲೆ ಮೇಲೆ ಹೊತ್ತು ತರ್ತಾನೆ, ಹುಳಕ್ಕೆ ಹಾಕ್ತಾನೆ, ಹಸ ಕರೀತಾನೆ, ಮತ್ತೆ ಸೊಪ್ಪಿಗೆ ಹೋಗ್ತಾನೆ. ನಾವು ಯಾವಾಗ ಹೋದರೂ ಅವನು ನಿಂತಿರ್ತಾನೆ, ಇಲ್ಲವೇ ನಡೀತಿರ್ತಾನೆ.

"ನಮ್ಮನೆಯವ್ರು ಅಗಲೊತ್ತು ಕೂತಿದ್ದನ್ನ ನಾನೇ ಕಂಡಿಲ್ಲ ಕಣಕ್ಕ," ಅಂತ ನಾದಿನಿ ಹೇಳ್ತಾಳೆ.

ನನ್ನ ಹೆಂಡತಿ ನನ್ನ ಕಡೆ ಒಂದು ಸಲ ತಿರುಗಿ ನೋಡ್ತಾಳೆ. ಆ ಒಂದು ನೋಟ ಬೆಳಕವಾಡಿಯಿಂದ ಮದ್ದೂರಿನವರೆಗೂ ಬಸ್ಸಿನಲ್ಲಿ ನನ್ನ ಪಕ್ಕದಲ್ಲೇ ಕೂತು ಬರುತ್ತೆ.

ಒಂದು ಭಾನುವಾರ ಹೋದಾಗ ಹುಳ ನಾಲ್ಕನೇ ಜ್ವರ ಮುಗಿಸಿ ಎದ್ದಿದ್ದವು. ರೇಷ್ಮೆ ಹುಳ ಪೊರೆ ಬಿಡೋಕೆ ನಾಲ್ಕು ಸಲ ತಿನ್ನೋದು ಬಿಟ್ಟು ಅಲ್ಲಾಡದೆ ಮಲಗುತ್ತವೆ, ಅದಕ್ಕೇ ಜ್ವರ ಅನ್ನೋದು. ನಾಲ್ಕನೇದು ಮುಗಿಸಿ ಎದ್ದವೆಂದರೆ ಬಕಾಸುರನ ಮೊಮ್ಮಕ್ಕಳು. ಎಷ್ಟು ಸೊಪ್ಪು ತಂದರೂ ಸಾಲದು. ಆವತ್ತು ನಾನೂ ಪಂಚೆ ಎತ್ತಿ ಕಟ್ಟಿದೆ. ಷಡ್ಡಕನಿಗಿಂತ ಒಂದು ಹೊರೆಯಾದರೂ ಹೆಚ್ಚು ಹೊತ್ತು ತೋರಿಸಬೇಕು ಅಂತ ಛಲ.

ಅವನು ನಾಲ್ಕು ಹೊರೆ ಹೊತ್ತ. ನಾನು ಒಂದು ಹೊತ್ತು, ಹುಳದ ಮನೆಯ ಹಿಂದಿನ ನೆರಳಿನಲ್ಲಿ ಇಳಿಸಿ, ಒಂದು ಗಳಿಗೆ ಅಂತ ಅದೇ ಸೊಪ್ಪಿನ ಮೇಲೆ ಒರಗಿದೆ. ಆಮೇಲಿನದು ನನಗೆ ಗೊತ್ತಿಲ್ಲ.

ಸೊಪ್ಪು ಬಾಡದಿರಲಿ ಅಂತ ಅದರ ಮೇಲೆ ಒದ್ದೆ ಗೋಣಿ ಹೊದಿಸೋದು ವಾಡಿಕೆ. ನಾದಿನಿ ಬಂದು, ರಾಶಿಯ ಆ ಕಡೆ ನಾನು ಒರಗಿರೋದು ನೋಡದೆ, ನೀರಲ್ಲಿ ಅದ್ದಿದ ಗೋಣಿ ಬೀಸಿ ಹಾಕಿದಳು. ಎದೆಯ ಮೇಲೆ ತಣ್ಣಗೆ ಬಿದ್ದಾಗ ನಾನು ಕೂಗಿಕೊಂಡು ಎದ್ದೆ. ಸೊಪ್ಪಿನೊಳಗಿಂದ ಗಂಡಸೊಬ್ಬ ಎದ್ದಿದ್ದು ಕಂಡು ಅವಳೂ ಕೂಗಿಕೊಂಡಳು. ಎಲ್ಲರೂ ಓಡಿ ಬಂದರು. ಷಡ್ಡಕ ಐದನೇ ಹೊರೆ ತಲೆಯ ಮೇಲಿಟ್ಟುಕೊಂಡೇ ಓಡಿ ಬಂದ, ಅದೇ ನನಗೆ ಹೆಚ್ಚು ಉರಿದದ್ದು.

ನನ್ನ ತಲೆಯಲ್ಲಿ ಸಿಕ್ಕಿದ್ದ ಎಲೆ ಬಿಡಿಸುತ್ತಾ ನನ್ನ ಹೆಂಡತಿ ತಂಗಿಗೆ ಹೇಳಿದಳು: "ಹುಳನಾದ್ರೂ ನಾಕು ಜ್ವರ ಮಲಗಿ ಎದ್ಬುಡ್ತವೆ. ಇವ್ರು ಎಷ್ಟನೇ ಜ್ವರಕ್ಕೆ ಏಳ್ತಾರೋ ಕಾಣೆ."

೩. ಸ್ವಲ್ಪ ಮೇಲೆ

ಇಸ್ತ್ರಿ ಮಾಡಿದ ಬಿಳಿ ಅಂಗಿಯ ಮೇಷ್ಟ್ರೊಬ್ಬರು ಲ್ಯಾಬಿಗೆ ಬಂದರು. ಹೆಂಗಸರು ಇಬ್ಬರು ಬೆಂಚಿನ ಮೇಲೆ ಕೂತಿದ್ದರು. ಮೇಷ್ಟ್ರು ನನ್ನ ಕಿವಿ ಹತ್ತಿರ ಬಾಗಿ, "ವಿಪರೀತ ಸುಸ್ತು. ಆ ಟೆಸ್ಟು ಮಾಡಿಸ್ಬೇಕಿತ್ತು," ಅಂದರು.

"ಯಾವ ಟೆಸ್ಟು ಸಾರ್? ಥೈರಾಯ್ಡಾ?" ಅಂತ ಕುತ್ತಿಗೆ ತೋರಿಸಿದೆ.

"ಅಲ್ಲ. ಇನ್ನೂ ಕೆಳಗೆ."

"ಲಿವರ್ರಾ?"

"ಇನ್ನೂ ಕೆಳಗೆ."

ನನಗೂ ಆವತ್ತು ನಿದ್ದೆಗಣ್ಣು, ತಲೆ ಓಡಲಿಲ್ಲ. "ಮಂಡಿ ನೋವಿಗೆ ನಮ್ಮಲ್ಲಿ ಎಕ್ಸ್‌ರೇ ಇಲ್ಲ ಸಾರ್," ಅಂದೆ.

ಮೇಷ್ಟ್ರು ಬೆಂಚಿನ ಕಡೆ ಒಂದು ಸಲ ನೋಡಿ, ಇನ್ನೂ ಸಣ್ಣ ದನಿಯಲ್ಲಿ ತಿದ್ದಿದರು: "ಅಷ್ಟು ಕೆಳಗಲ್ಲಪ್ಪ. ಸ್ವಲ್ಪ ಮೇಲೆ."

೪. ಕೊತ್ತತ್ತಿಯ ಗೆಳೆಯರು

ಕೊತ್ತತ್ತಿ ಕಡೆಯಿಂದ ಇಬ್ಬರು ರೈತರು ಒಟ್ಟಿಗೆ ಬಂದರು. ಐವತ್ತರ ಆಸುಪಾಸು, ಪಕ್ಕ ಪಕ್ಕದ ಗದ್ದೆ, ಒಂದೇ ಶಾಲೆಯಲ್ಲಿ ಓದಿದವರು. ಇಬ್ಬರಿಗೂ ಸುಸ್ತು. ಮೊಬೈಲಿನಲ್ಲಿ ಒಂದೇ ವಿಡಿಯೋ ನೋಡಿ ಬಂದಿದ್ದರು. ಒಬ್ಬ ಬಂದವನೇ ತೋಳು ಚಾಚಿದ. ಇನ್ನೊಬ್ಬನಿಗೆ ಸೂಜಿ ಅಂದರೆ ಭಯ. "ಒಂದ್ ಟೀ ಕುಡ್ಕಬತ್ತೀನಿ," ಅಂತ ಹೋದವನು ಹೋಟೆಲಿನಲ್ಲೇ ಕೂತು ಧೈರ್ಯ ತಂದುಕೊಂಡು ಹನ್ನೊಂದೂವರೆಗೆ ಬಂದ.

ಆ ಟೆಸ್ಟಿಗೆ ಮಾತ್ರ ನಾವು ರಕ್ತವನ್ನು ಬೆಂಗಳೂರಿಗೆ ಕಳಿಸ್ತೀವಿ. ಮಾರನೇ ದಿನ ರಿಪೋರ್ಟು ತಗೊಳ್ಳೋಕೆ ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದರು. ಕವರು ಬಿಚ್ಚಿದರು. ತಮ್ಮದು ನೋಡಿಕೊಳ್ಳಲಿಲ್ಲ, ಒಬ್ಬರದು ಒಬ್ಬರು ಕಿತ್ತುಕೊಂಡು ನೋಡಿದರು. ಬೇಗ ಕೊಟ್ಟವನದು ಹೆಚ್ಚಿತ್ತು, ತಡ ಮಾಡಿದವನದು ಸ್ವಲ್ಪ ಕಮ್ಮಿ.

ಕಮ್ಮಿಯವನು ಸೀದಾ ಡಾಕ್ಟರಮ್ಮನ ರೂಮಿಗೆ ಹೋದ. "ಮೇಡಂ, ಇವ್ನು ನನ್ನಷ್ಟು ಗೇಯಕಿಲ್ಲ. ಬದ ಕಡಿಯೋಕೆ ಆಳು ಕರೀತಾನೆ. ಇವ್ನಿಗೆಂಗೆ ಜಾಸ್ತಿ ಬತ್ತದೆ? ರೀವ್ಯಾಲ್ಯುಯೇಷನ್ ಆಕ್ಬೇಕು ಅಂದ್ರೆ ಎಲ್ಲಿ ಸೈನ್ ಮಾಡ್ಬೇಕು?"

"ಲೇ, ಸುಮ್ಕಿರ್ಲಾ, ಎಸ್ಸೆಸ್ಸೆಲ್ಸೀಲೂ ಇಂಗೇ ಆಡ್ದೆ ನೀನು," ಅಂತ ಹೆಚ್ಚಿನವನು ಅಂಗಿ ಎಳೆದ.

ಡಾಕ್ಟರಮ್ಮ ತಾಳ್ಮೆಯಿಂದ ಹೇಳಿದರು. ಈ ಹಾರ್ಮೋನು ಬೆಳಿಗ್ಗೆ ಏರಿರುತ್ತೆ, ಹೊತ್ತೇರಿದ ಹಾಗೆ ಇಳಿಯುತ್ತೆ, ಅದಕ್ಕೇ ಬೆಳಿಗ್ಗೆ ಬನ್ನಿ ಅನ್ನೋದು. ಇಬ್ಬರದೂ ಇರಬೇಕಾದ ಮಟ್ಟದಲ್ಲೇ ಇದೆ. ಸುಸ್ತಿಗೆ ಬೇರೆ ಏನು ಕಾರಣ ಅಂತ ನೋಡೋಣ, ಏನು ತಿಂತೀರಿ, ಎಷ್ಟು ಹೊತ್ತು ಮಲಗ್ತೀರಿ ಹೇಳಿ.

"ಅಂದ್ರೆ ನಾನು ಪಾಸಾ?"

"ಪಾಸು."

"ಯಾವ ಕ್ಲಾಸು?"

ಡಾಕ್ಟರಮ್ಮ ತಲೆಯ ಮೇಲೆ ಕೈ ಇಟ್ಟುಕೊಂಡರು. ಬಾಗಿಲಲ್ಲಿ ನಿಂತಿದ್ದ ನನಗೆ ಆ ಕಮ್ಮಿಯವನ ಮೇಲೂ ಹೊಟ್ಟೆಕಿಚ್ಚು. ಕಮ್ಮಿ ಬಂದರೂ ಅಷ್ಟು ಜೋರಾಗಿ ಜಗಳ ಆಡೋ ಶಕ್ತಿ ಅವನಿಗಿತ್ತಲ್ಲ.

ಕೊನೆಗೆ ಹೆಚ್ಚಿನವನೇ ಒಂದು ದಾರಿ ಹೇಳಿದ. "ಮೇಡಂ, ನಂದ್ರಲ್ಲಿ ಒಂದತ್ತು ತಗ್ದು ಅವ್ನಿಗೆ ಸೇರಿಸ್ಬುಡಿ. ನಿಮ್ಗೇನು, ನೀವ್ ಇಲ್ಲೇ ಇರ್ತೀರಿ. ಕೊತ್ತತ್ತಿ ತಂಕ ಬಸ್ಸಲ್ಲಿ ಇವ್ನ ಮಕ ನೋಡ್ಕಂಡು ಓಗ್ಬೇಕಾಗಿರೋನು ನಾನು."

೫. ಬೆಳಕವಾಡಿಯ ರೋಗಿ

ಇದರಲ್ಲಿ ಮೊದಲ ಭಾಗ ನಗೋದಲ್ಲ. ಒಂದು ದಿನ ನಾನು ಎರಡು ರಕ್ತದ ಟ್ಯೂಬಿಗೆ ಚೀಟಿ ಅದಲು ಬದಲು ಅಂಟಿಸಿದೆ. ಇಪ್ಪತ್ತೊಂದು ವರ್ಷದಲ್ಲಿ ಹಾಗೆ ಮಾಡಿದವನಲ್ಲ. ಒಂದು ಒಬ್ಬ ಡ್ರೈವರಿನದು, ಒಂದು ಒಬ್ಬರು ಅಜ್ಜಿಯದು. ಬೆಂಗಳೂರಿಗೆ ಕಳಿಸೋ ಹಾರ್ಮೋನಿನ ಡಬ್ಬಿ ನೋಡಿದ ಡಾಕ್ಟರಮ್ಮ, "ಈ ಅಜ್ಜಿಗೆ ಗಂಡಸರ ಹಾರ್ಮೋನು ಯಾಕ್ರೀ ನೋಡ್ತಿದ್ದೀವಿ?" ಅಂದಾಗ ನನಗೆ ತಪ್ಪು ಹೊಳೆಯಿತು. ಎರಡೂ ಟ್ಯೂಬು ಚೆಲ್ಲಿ, ಇಬ್ಬರಿಗೂ ಫೋನು ಮಾಡಿ ತಪ್ಪೊಪ್ಪಿಕೊಂಡು, ಕರೆಸಿ ಮತ್ತೆ ರಕ್ತ ತೆಗೆದೆ. ಅಜ್ಜಿ ನನ್ನ ಮುಖ ನೋಡಿದರು. "ನಿನ್ ಕಣ್ಣು ಗುಳಿ ಬಿದ್ದವೆ ಕಣಪ್ಪ, ಮೊದ್ಲು ನಿಂದು ನೋಡಿಸ್ಕೊ," ಅಂದರು. ಡಾಕ್ಟರಮ್ಮ ಕೂಡ ಬೈಯಲಿಲ್ಲ. ಬೈದಿದ್ದರೆ ವಾಸಿಯಿತ್ತು.

ಮಾರನೇ ದಿನ ಅರ್ಧ ಗಂಟೆ ಮುಂಚೆ ಬಂದೆ. ಪಟ್ಟಿಯ ತುದಿ ಹಲ್ಲಲ್ಲಿ ಕಚ್ಚಿ ಎಡಗೈಗೆ ಬಿಗಿದು, ಬಲಗೈಯಿಂದ ನನ್ನ ರಕ್ತ ನಾನೇ ತೆಗೆದೆ. ನನ್ನ ಹೆಸರು ಬರೆದರೆ ನಾಳೆ ಎಲ್ಲರಿಗೂ ಗೊತ್ತಾಗುತ್ತೆ. ಒಂದು ಸುಳ್ಳು ಹೆಸರು ಕಟ್ಟಿದೆ. ಊರು ಯಾವುದು ಬರೆಯಲಿ ಅಂತ ಯೋಚನೆ ಮಾಡುವಷ್ಟರಲ್ಲಿ ಕೈ ತಾನಾಗೇ ಬೆಳಕವಾಡಿ ಅಂತ ಬರೆದುಬಿಟ್ಟಿತು. ಸುಸ್ತಿನ ರೋಗಿಯೊಬ್ಬ ಆ ಊರಲ್ಲೂ ಇರಲಿ ಅನ್ನೋ ಆಸೆ. ಫೋನ್ ನಂಬರಿನ ಜಾಗ ಖಾಲಿ ಬಿಟ್ಟರೆ ಕಂಪ್ಯೂಟರ್ ಮುಂದಕ್ಕೆ ಹೋಗಲ್ಲ. ನಂದೇ ಹಾಕಿದೆ.

ರಿಪೋರ್ಟು ಬಂದ ದಿನ ಡಾಕ್ಟರಮ್ಮ ನನ್ನನ್ನು ಒಳಗೆ ಕರೆದರು. ಅವರ ಮುಂದೆ ಆ ಹಾಳೆ ಇತ್ತು.

"ಈ ಬೆಳಕವಾಡಿಯವರು ಯಾರ್ರೀ? ಬಿ ಟ್ವೆಲ್ವ್ ತಳ ಮುಟ್ಟಿದೆ. ವಿಟಮಿನ್ ಡಿ ಇಲ್ಲ ಅಂತಲೇ ಅನ್ನಬೇಕು. ಶುಗರ್ ಗಡಿ ಹತ್ತಿರ ಬಂದಿದೆ. ಹಾರ್ಮೋನು ಇನ್ನೊಂಚೂರು ಇಳಿದರೆ ಗೆರೆಯಿಂದ ಕೆಳಗೆ. ಪಾಪ, ಹೇಗೆ ಓಡಾಡ್ತಿದ್ದಾರೋ. ನಾನೇ ಮಾತಾಡ್ತೀನಿ," ಅಂತ ಮೇಜಿನ ಮೇಲಿನ ಫೋನು ಎತ್ತಿ ಹಾಳೆ ನೋಡಿಕೊಂಡು ನಂಬರ್ ಒತ್ತಿದರು.

ನನ್ನ ಜೇಬು ಬಡಿದುಕೊಳ್ಳೋಕೆ ಶುರುಮಾಡಿತು. ಫೋನು ಬಂದರೆ ಎತ್ತೋದು ಕೈಯ ಅಭ್ಯಾಸ. ಎತ್ತಿದೆ.

"ಹಲೋ, ಬೆಳಕವಾಡಿಯವರಾ?" ಅಂದರು ಡಾಕ್ಟರಮ್ಮ, ಹಾಳೆಯಿಂದ ತಲೆ ಎತ್ತದೆ.

"ಹೌದು ಮೇಡಂ," ಅಂದೆ.

ದನಿ ಎರಡು ಕಡೆಯಿಂದ ಕೇಳಿಸಿರಬೇಕು. ಅವರು ನಿಧಾನವಾಗಿ ತಲೆ ಎತ್ತಿದರು. ನಾವಿಬ್ಬರೂ ಕಿವಿಗೆ ಫೋನು ಹಿಡಿದು ಮೂರಡಿ ದೂರದಲ್ಲಿ ಒಬ್ಬರನ್ನೊಬ್ಬರು ನೋಡುತ್ತಿದ್ದೆವು. ಫೋನು ಇಡದೆಯೇ ಅವರು ಕೇಳಿದರು: "ತುರ್ತಾಗಿ ಬಂದು ಕಾಣಬೇಕಿತ್ತು. ಎಷ್ಟು ಹೊತ್ತಾಗುತ್ತೆ ಬರೋಕೆ?"

೬. ವಡೆಯ ವಾಸನೆ

ಡಾಕ್ಟರಮ್ಮ ನನ್ನ ಊಟದ ಪಟ್ಟಿ ಕೇಳಿದರು. ಬೆಳಿಗ್ಗೆ ರೈಲಿನಲ್ಲಿ ಎರಡು ವಡೆ, ಟೀ. ಮಧ್ಯಾಹ್ನ ಅನ್ನದ ಗುಡ್ಡ, ಪಕ್ಕದಲ್ಲಿ ಸಾರಿನ ಒಂದು ಕೆರೆ. ಸಂಜೆ ಬೇಕರಿ. ರಾತ್ರಿ ತಡವಾಗಿ ಊಟ, ಆಮೇಲೆ ಕಣ್ಣು ಉರಿಯುವವರೆಗೂ ಮೊಬೈಲು. ಹೊಟ್ಟೆ ಉರಿಗೆ ದಿನಾ ಒಂದು ಗ್ಯಾಸ್ ಮಾತ್ರೆ, ಮೂರು ವರ್ಷದಿಂದ, ಯಾರನ್ನೂ ಕೇಳದೆ.

"ವಡೆಯಿಂದ ಉರಿ, ಉರಿಗೆ ಮಾತ್ರೆ. ಆ ಮಾತ್ರೆ ವರ್ಷಗಟ್ಟಲೆ ನುಂಗಿದರೆ ಬಿ ಟ್ವೆಲ್ವ್ ಮೈಗೆ ಹತ್ತೋದು ಕಮ್ಮಿಯಾಗುತ್ತೆ," ಅಂದರು. "ಇನ್ನು ಹಾರ್ಮೋನು. ಅದು ತಯಾರಾಗೋದು ಮುಖ್ಯವಾಗಿ ನೀವು ನಿದ್ದೆ ಮಾಡುವಾಗ. ನೀವು ನೋಡಿದರೆ ರೈಲಿನಲ್ಲಿ ಮಾತ್ರ ಮಲಗ್ತೀರಿ."

ಇಂಜೆಕ್ಷನ್ ಕೊಟ್ಟುಬಿಡಿ ಅಂದೆ. ಕೊಡಲಿಲ್ಲ. ಮೊದಲು ಹೊಟ್ಟೆ ಇಳಿಸಿ, ನಿದ್ದೆ ಸರಿ ಮಾಡಿ, ಈ ವಿಟಮಿನ್ ಮಾತ್ರೆ ತಗೊಳ್ಳಿ, ಮೂರು ತಿಂಗಳು ಬಿಟ್ಟು ಮತ್ತೆ ನೋಡೋಣ ಅಂದರು. ಅಷ್ಟಕ್ಕೆ ಬಿಡದೆ ನನ್ನ ಹೆಂಡತಿಗೆ ಫೋನು ಮಾಡಿ ಎಲ್ಲವನ್ನೂ ಹೇಳಿದರು.

ಹೆಂಡತಿ ಆವತ್ತು ಬಯ್ಯಲಿಲ್ಲ. "ರೀ, ನಿಮಗೆ ಸೋಮಾರಿತನ ಅನ್ಕೊಂಡಿದ್ದೆ," ಅಂದಳು, ಅಷ್ಟೇ. ಅಡುಗೆಮನೆಗೆ ಹೋಗಿ ತುಂಬಾ ಹೊತ್ತು ಏನೋ ತೊಳೆಯುತ್ತಾ ನಿಂತಿದ್ದಳು. ಮಾರನೇ ದಿನದಿಂದ ಮನೆಯಲ್ಲಿ ಹೊಸ ಕಾನೂನು. ಬೆಳಿಗ್ಗೆ ಬಿಸಿಲಲ್ಲಿ ನಡಿಗೆ, ಎರಡು ಮೊಟ್ಟೆ, ಮಧ್ಯಾಹ್ನಕ್ಕೆ ಮುದ್ದೆ, ಹುರುಳಿಕಾಳಿನ ಉಪ್ಸಾರು, ಸೊಪ್ಪಿನ ಪಲ್ಯ. ಒಂಬತ್ತೂವರೆಗೆ ಮೊಬೈಲು ಅವಳ ದಿಂಬಿನ ಕೆಳಗೆ.

ಉಳಿದದ್ದು ವಡೆ. ಅದಕ್ಕೆ ಅವಳು ಒಂದು ದಿನ ನನ್ನ ಜೊತೆಯಲ್ಲೇ ರೈಲು ಹತ್ತಿದಳು. ಬುಟ್ಟಿ ಹೊತ್ತು ಬಂದ ವಡೆಯವನನ್ನು ನಿಲ್ಲಿಸಿ ನನ್ನನ್ನು ಬೆರಳು ಮಾಡಿ ತೋರಿಸಿದಳು. ಅವಳು ಮಾತು ಮುಗಿಸುವಷ್ಟರಲ್ಲಿ ಇಡೀ ಬೋಗಿಗೆ ನನ್ನ ಬಿ ಟ್ವೆಲ್ವ್ ಎಷ್ಟು ಅಂತ ಗೊತ್ತಾಗಿತ್ತು.

ಮಾರನೇ ದಿನ ಒಬ್ಬನೇ ಹೋದೆ. ಎದುರು ಸೀಟಿನ ಗುಮಾಸ್ತರು ಎರಡು ವಡೆ ತಗೊಂಡರು. ಈರುಳ್ಳಿ ಘಮ. ಅವರು ಅದನ್ನು ಮುರಿಯುವಾಗ ಬಂದ ಆ ಗರಿಗರಿ ಸದ್ದಿಗೆ ನನ್ನ ಕಣ್ಣಲ್ಲಿ ನೀರು ಬರೋದೊಂದು ಬಾಕಿ. ನನಗಿಂತ ದಪ್ಪ ಆ ಮನುಷ್ಯ, ಹೆಂಡತಿ ರೈಲು ಹತ್ತದ ಪುಣ್ಯವಂತ.

"ಒಂದೇ ಒಂದು ಕೊಡು ಮಾರಾಯ," ಅಂದೆ ವಡೆಯವನಿಗೆ.

"ಆಗಕಿಲ್ಲ ಕಣಣ್ಣ. ಅಕ್ಕೋರು ಏಳವ್ರೆ."

"ಅರ್ಧ."

ಅವನು ಆ ಕಡೆ ಈ ಕಡೆ ನೋಡಿ, ಬುಟ್ಟಿಯನ್ನು ನನ್ನ ಕಾಲ ಹತ್ತಿರ ಇಳಿಸಿ, ಮೇಲಿನ ಬಟ್ಟೆ ಸರಿಸಿದ. "ವಾಸ್ನೆ ಬಗ್ಗೆ ಅಕ್ಕೋರು ಏನೂ ಏಳ್ನಿಲ್ಲ. ಮಂಡ್ಯ ತಂಕ ಇಲ್ಲೇ ನಿಂತಿರ್ತೀನಿ, ಎಳ್ಕಳಿ."

೭. ಕಮ್ಮಿ

ಎರಡು ತಿಂಗಳಾಗಿತ್ತು. ಒಂದು ಬೆಳಿಗ್ಗೆ ಮಾಸ್ಕು ಹಾಕಿ ತಲೆಗೆ ಟವಲ್ಲು ಸುತ್ತಿಕೊಂಡವನೊಬ್ಬ ಬಂದು ಕುರ್ಚಿಯಲ್ಲಿ ಕೂತು ತೋಳು ಚಾಚಿದ. ಮುಖ ನೋಡಿದರೆ ಗೊತ್ತಾಗುತ್ತಿರಲಿಲ್ಲ. ಆದರೆ ನಾನು ನರ ನೋಡೋ ಕಸುಬಿನವನು. ಹಗ್ಗ ಹೊಸೆದಿಟ್ಟ ಹಾಗೆ ಎದ್ದು ಕಾಣೋ ಅಂಥ ನರ ಈ ಜಿಲ್ಲೆಯಲ್ಲಿ ನನಗೆ ಗೊತ್ತಿದ್ದ ಹಾಗೆ ಒಬ್ಬನಿಗೇ ಇರೋದು.

"ಏನಪ್ಪ ಬೆಳಕವಾಡಿ," ಅಂದೆ.

ಷಡ್ಡಕ ಮಾಸ್ಕು ಇಳಿಸಿದ. ಮುಖ ಬತ್ತಿತ್ತು. ಅಂಗಿ ಒಳಗೆ ಮೈ ಇಳಿದಿತ್ತು, ನಾವು ಯಾರೂ ಅದನ್ನು ನೋಡಿಯೇ ಇರಲಿಲ್ಲ.

"ಅಣ್ಣ, ನೀವು ಇವತ್ತು ರಜಾ ಇರ್ತೀರೇನೋ ಅನ್ಕಂಡಿದ್ದೆ. ಯಾರ್ಗೂ ಏಳ್ಬ್ಯಾಡಿ. ಒಂದ್ ವರ್ಸದಿಂದ ಇಂಗೇ. ಸೊಪ್ಪಿನ ಒರೆ ಎತ್ತುವಾಗ ಕಣ್ ಕತ್ಲೆ ಬತ್ತದೆ."

"ಮತ್ತೆ ಕೂತುಕೊಳ್ಳೋದಲ್ವೇನಪ್ಪ?"

"ಎಂಗ್ ಕೂರ್ಲಿ? ನಮ್ಮನೆಯವ್ಳು ಊರಿಗೆಲ್ಲಾ ಏಳ್ಕಬಂದವ್ಳೆ, ನಮ್ಮೋರು ಕೂರಾಕಿಲ್ಲ ಅಂತ." ಅವನು ನನ್ನ ಮುಖ ನೋ‌ಡದೆ ಮುಂದುವರಿಸಿದ. "ನಿಮ್ಮನ್ನ ಕಂಡ್ರೆ ನಂಗೆ ಒಟ್ಟೆ ಉರೀತದೆ ಅಣ್ಣ, ತಪ್ ತಿಳ್ಕಬ್ಯಾಡಿ. ಆವತ್ತು ಸೊಪ್ಪಿನ ಮೇಲೆ ಮಲಗಿದ್ರಲ್ಲ, ದೇವ್ರಂಗೆ. ಐದ್ನೇ ಒರೆಗೆ ಒಂಟೋನು ಒಂದ್ ಗಳಿಗೆ ನಿಂತ್ಕಂಡು ನಿಮ್ಮನ್ನೇ ನೋಡ್ದೆ. ಇವ್ರು ಏನ್ ಪುಣ್ಯ ಪಡ್ಕಂಡ್ ಬಂದವ್ರಪ್ಪಾ ಅನ್ನುಸ್ತು."

ನನ್ನ ಕೈಯಲ್ಲಿ ಸೂಜಿ ಹಾಗೇ ಇತ್ತು. ಇಷ್ಟು ವರ್ಷ ನಾನು ಇವನನ್ನು ನೋಡಿ ಉರಿಯುತ್ತಿದ್ದಾಗ ಇವನು ಅಲ್ಲಿ ನನ್ನನ್ನು ನೋಡಿ ಉರಿಯುತ್ತಿದ್ದ.

ಅವನ ರಿಪೋರ್ಟು ಬಂತು. ಹಾರ್ಮೋನು ನನ್ನದಕ್ಕಿಂತ ಕಮ್ಮಿ. ನಿಜ ಹೇಳ್ತೀನಿ, ಆ ಹಾಳೆ ನೋಡಿದಾಗ ನನಗೆ ಒಳಗೊಳಗೇ ಒಂದು ಸಂತೋಷ ಹುಟ್ಟಿತು. ಅದರ ಹಿಂದೆಯೇ ನಾಚಿಕೆಯಾಯಿತು. ಇವನು ಕಣ್ಣು ಕತ್ತಲೆ ಬಂದು ಹುಳದ ಮನೆಯಲ್ಲಿ ಬಿದ್ದಿದ್ದರೆ ನಾನು ಆಗಲೂ ಹೊರೆ ಎಣಿಸುತ್ತಾ ಇರುತ್ತಿದ್ದೆನೇನೋ. ನನ್ನ ರಿಪೋರ್ಟಿನ ಕತೆಯನ್ನೂ ಅವನಿಗೆ ಹೇಳಿದೆ. ಬೆಳಕವಾಡಿ ಅಂತ ಬರೆದದ್ದನ್ನು ಮಾತ್ರ ಹೇಳಲಿಲ್ಲ.

ಡಾಕ್ಟರಮ್ಮ ಅವನನ್ನು ಕೂರಿಸಿಕೊಂಡು ಕೇಳಿದರು. ಬೆಳಿಗ್ಗೆ ಬರೀ ಟೀ. ಮೊದಲ ತುತ್ತು ಹನ್ನೆರಡು ಗಂಟೆಗೆ, ಅದೂ ನಿಂತುಕೊಂಡು. ನಿದ್ದೆ ನಾಲ್ಕೋ ಐದೋ ಗಂಟೆ. "ಹುಳಕ್ಕೆ ಎಷ್ಟು ಹೊತ್ತಿಗೆ ಸೊಪ್ಪು ಹಾಕ್ತೀರಿ?" ಅಂದರು. ಅವನು ಹೊತ್ತು ಹೊತ್ತಿಗೂ ಲೆಕ್ಕ ಒಪ್ಪಿಸಿದ. "ತಡ ಮಾಡಿದರೆ?" "ಗೂಡು ಸರಿಯಾಗಿ ಕಟ್ಟಾಕಿಲ್ಲ ಮೇಡಂ." "ನೀವೂ ಅಷ್ಟೇ," ಅಂದರು. "ತಿನ್ನದೆ, ಮಲಗದೆ ಗೇಯ್ದರೆ ಮೈ ಮೊದಲು ಹಾರ್ಮೋನಿನ ಖರ್ಚಿಗೆ ಕತ್ತರಿ ಹಾಕುತ್ತೆ. ಹೊಟ್ಟೆ ಬಂದವರಿಗೂ ಇಳಿಯುತ್ತೆ, ಹೊಟ್ಟೆಗಿಲ್ಲದವರಿಗೂ ಇಳಿಯುತ್ತೆ."

ಆಮೇಲೆ ಶುರುವಾಯಿತು ನನ್ನ ತಪಸ್ಸು. ಲ್ಯಾಬಿನ ವಿಷಯ ಹೊರಗೆ ಆಡೋ ಹಾಗಿಲ್ಲ. ಹೆಂಡತಿಗೆ ಹೇಳಬೇಕು ಅಂತ ಇಡೀ ಜನ್ಮದಲ್ಲಿ ನಾನು ಆಸೆಪಟ್ಟ ಒಂದೇ ಒಂದು ಸುದ್ದಿ ಅದು. ಮುದ್ದೆ ನುಂಗುವಾಗ ಅದನ್ನೂ ಜೊತೆಗೇ ನುಂಗುತ್ತಿದ್ದೆ. ಹೇಳಲಿಲ್ಲ. ಅಷ್ಟರಲ್ಲಿ ನನಗೆ ಮೂರು ತಿಂಗಳು ತುಂಬಿತು. ಹೊಟ್ಟೆ ನಾಲ್ಕು ಬೆರಳು ಇಳಿದಿತ್ತು, ರೈಲಿನಲ್ಲಿ ಕಣ್ಣು ಬಿಟ್ಟುಕೊಂಡೇ ಮಂಡ್ಯ ಮುಟ್ಟುತ್ತಿದ್ದೆ. ಎರಡನೇ ರಿಪೋರ್ಟಿನಲ್ಲಿ ಎಲ್ಲವೂ ಮೇಲಕ್ಕೆ ಬಂದಿತ್ತು. ಹೆಂಡತಿ ಆ ಹಾಳೆಯನ್ನು ನಮ್ಮ ಬೀದಿಯಲ್ಲಿ ಇಬ್ಬರಿಗಾದರೂ ತೋರಿಸಿ ಬಂದಳು.

ಆ ಖುಷಿಗೆ ಭಾನುವಾರ ತಂಗಿಯನ್ನೂ ಷಡ್ಡಕನನ್ನೂ ಊಟಕ್ಕೆ ಕರೆದಳು. ನಾಟಿಕೋಳಿ ಸಾರು, ಮುದ್ದೆ. ನಾವಿಬ್ಬರು ಗಂಡಸರು ಪಕ್ಕ ಪಕ್ಕ ಕೂತೆವು. ಷಡ್ಡಕ ಇನ್ನೂ ಮನೆಯಲ್ಲಿ ಬಾಯಿ ಬಿಟ್ಟಿರಲಿಲ್ಲ. ಮಾತ್ರೆಯನ್ನು ಹುಳದ ಮನೆಯಲ್ಲಿ ಬಚ್ಚಿಟ್ಟು ನುಂಗುತ್ತಿದ್ದ.

ನನ್ನ ಹೆಂಡತಿ ಅವನ ತಟ್ಟೆಗೆ ಸಾರು ಬಿಡುತ್ತಾ ಹಳೇ ಅಭ್ಯಾಸದಲ್ಲಿ ಶುರುಮಾಡಿದಳು: "ಇವ್ರೀಗ ಪರವಾಗಿಲ್ಲ ಕಣಪ್ಪ. ಆದ್ರೂ ನಿನ್ನಂಗೆ ಎಲ್ಲಿ ಬತ್ತದೆ. ನಿನ್ನ ನೋಡಿ ಕಲೀಬೇಕು."

ನಾನು ಕೋಳಿಯ ಮೂಳೆಯೊಂದನ್ನು ಗಟ್ಟಿಯಾಗಿ ಕಚ್ಚಿಕೊಂಡು ಕೂತೆ. ಷಡ್ಡಕ ನನ್ನ ಕಡೆ ಒಂದು ಸಲ ನೋಡಿದ. ಒಂದು ತಿಂಗಳಿಂದ ಈ ಮನುಷ್ಯ ಹೇಳದೆ ಉಳಿಸಿಕೊಂಡಿದ್ದಾನೆ ಅನ್ನೋದು ಅವನಿಗೆ ಆಗ ಅರ್ಥವಾಗಿರಬೇಕು. ಕೈಲಿದ್ದ ತುತ್ತು ತಟ್ಟೆಗಿಟ್ಟ.

"ಸಾಕು ಬುಡಿ ಅತ್ಗೆ. ನಾನೂ ಅಣ್ಣನ ಲ್ಯಾಬಲ್ಲೇ ರಕ್ತ ಕೊಟ್ಟಿದ್ದೆ. ನಂದು ಅಣ್ಣಂಗಿಂತಾನೂ ಕಮ್ಮಿ ಬಂದದೆ."

ನಾದಿನಿ ಸೌಟು ಹಿಡಿದು ನಿಂತವಳು ಹಾಗೇ ಕೂತಳು. "ನಂಗ್ಯಾಕೆ ಏಳ್ನಿಲ್ಲ?"

"ಏಳಿದ್ರೆ ಸೊಪ್ಪಿನ ಒರೆ ನೀನು ಒರೋಕ್ ಬತ್ತಿದ್ದೆ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಒರೆಸಿಕೊಂಡಿದ್ದೇ ಅಕ್ಕನ ಮೇಲೆ ತಿರುಗಿದಳು. "ಎಲ್ಲಾ ನಿಂದೇ ದೃಷ್ಟಿ ಕಣಕ್ಕ. ಬಂದಾಗ್ಲೆಲ್ಲಾ ಅವ್ರನ್ನ ನೋಡಿ ಕಲೀಬೇಕು, ಅವ್ರನ್ನ ನೋಡಿ ಕಲೀಬೇಕು ಅಂತ ಕಣ್ಣಾಕಿ ಕಣ್ಣಾಕಿ ನಮ್ಮೋರ್ನ ಈ ಗತಿಗ್ ತಂದೆ. ನಾಳೆಯಿಂದ ನಮ್ಮೋರ್ಗೆ ಎಲ್ಡಲ್ಲ, ಮೂರ್ ಮೊಟ್ಟೆ. ಒರೆ ಒರೋಕೆ ಆಳು ಇಡ್ತೀನಿ. ಭಾವನ್ನ ನೀನು ನೋಡ್ಕಂಡಿದ್ದು ಏನ್ ಮಹಾ, ನಮ್ಮೋರ್ದು ಅವ್ರಿಗಿಂತ ಕಮ್ಮಿ ಐತೆ, ಗೊತ್ತಾ?"

ನನ್ನ ಎರಡನೇ ರಿಪೋರ್ಟು ಅಲ್ಲೇ ದೇವರ ಪಟದ ಹಿಂದೆ ಇತ್ತು. ಹೆಂಡತಿ ಅದನ್ನು ತೆಗೆದು ತೋರಿಸ್ತಾಳೆ ಅಂದುಕೊಂಡೆ. ಆದರೆ ಅವಳು ಲಂಗ ಹಾಕುವ ವಯಸ್ಸಿನಿಂದ ತಂಗಿಗೆ ಒಂದು ಮಾತಿನಲ್ಲೂ ಸೋತವಳಲ್ಲ. ಸಾರಿನ ಪಾತ್ರೆ ಕೆಳಗಿಟ್ಟು ಸೊಂಟಕ್ಕೆ ಕೈ ಕೊಟ್ಟಳು.

"ಲೋಕದಲ್ಲಿ ನಿಮ್ಮೋರ್ದೊಂದೇ ಕಮ್ಮಿ ಅನ್ನೋ ಅಂಗೆ ಆಡ್ಬೇಡ ಕಣೇ," ಅಂದಳು. "ಕಮ್ಮಿ ಇರೋದ್ರಲ್ಲಿ ನಮ್ಮೋರು ಯಾರಿಗೂ ಕಮ್ಮಿ ಇಲ್ಲ."